ಚಾವಣಿಯ ಬಿರುಕಿಗೆ ಯಾವ ಪುಡಿ

ಫೆಬ್ರುವರಿ 4

ಮಗಳಿಗೆ,

ನಾನು ಚೆನ್ನಾಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ.

ಒಂದು ಕೆಲಸದ ವಿಷಯ ಕೇಳಬೇಕಿತ್ತು. ಅಮ್ಮ ಮಲಗುತ್ತಿದ್ದ ಕೋಣೆಯ ಚಾವಣಿಯಿಂದ ಮೊನ್ನೆ ಊಟದ ತಟ್ಟೆಯಷ್ಟು ಅಗಲದ ಗಾರೆ ಕಳಚಿ ಮಂಚದ ಮೇಲೆ ಬಿತ್ತು. ಮಂಚದಲ್ಲಿ ಯಾರೂ ಇರಲಿಲ್ಲ. ಅವಳು ತೀರಿಹೋಗಿ ಐದು ತಿಂಗಳಾಯಿತು, ನಾನು ಹೊರಗಿನ ಕೋಣೆಯಲ್ಲಿ ಚಾಪೆ ಹಾಕಿಕೊಳ್ಳುತ್ತೇನೆ. ಗಾರೆ ಬಿದ್ದ ಜಾಗದಿಂದ ಬಾಗಿಲ ಕಡೆಗೆ ಒಂದು ಬಿರುಕು ಓಡಿದೆ. ಕಿಟಕಿಯ ಹತ್ತಿರ ನೀನು ಹಾಕಿದ ತೇಪೆ ಹಾಗೇ ಇದೆ, ಅದಕ್ಕೇನೂ ಆಗಿಲ್ಲ.

ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಒಂದು ಸಾಲು ಪುಡಿಯ ಚೀಲ ತೋರಿಸಿದ. ಎಲ್ಲದರ ಮೇಲೂ ನಗುತ್ತಿರುವ ಹೆಂಗಸಿನ ಚಿತ್ರ, ಹಿಂದೆ ಬಿಳಿ ಗೋಡೆ. "ಯಾವುದು ಒಳ್ಳೇದು?" ಅಂದೆ. "ಎಲ್ಲಾ ಒಳ್ಳೇದೇ. ಯಾವುದಕ್ಕೆ ಹೇಳಿ" ಅಂದ. "ತೂತು ಮುಚ್ಚೋಕೆ" ಅಂದೆ. ಅವನು ನಕ್ಕು, "ಟೈಲರ್ ಸಾಹೇಬ್ರೇ, ನಾನು ನಿಮ್ಮ ಅಂಗಡಿಗೆ ಬಂದು ಒಂದು ಬಟ್ಟೆ ಹೊಲಿದುಕೊಡಿ ಅಂದ್ರೆ ನೀವು ಶರ್ಟಾ ಲಂಗಾನಾ ಅಂತ ಕೇಳಲ್ವಾ?" ಅಂದ. ಬರಿಗೈಯಲ್ಲಿ ಬಂದೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ, ಅದು ನಿನಗೆ ಗೊತ್ತಿರುವುದೇ. ಕಾಗದವಾದರೆ ಬರೆದು, ಓದಿ, ಹರಿದುಹಾಕಬಹುದು. ಎರಡು ಹರಿದಿದ್ದೇನೆ. ನಿನ್ನ ವಿಳಾಸ ಅಮ್ಮನ ಮಾತ್ರೆ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿತ್ತು.

ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಆದ ಮಾತಿನ ಬಗ್ಗೆ ಈ ಕಾಗದ ಅಲ್ಲ. ಯಾವ ಪುಡಿ ತರಬೇಕು ಎಂದು ಮಾತ್ರ ತಿಳಿಸು. ಇದು ನಿನಗೆ ಗೊತ್ತಿರುವ ಕೆಲಸ.

ಅಪ್ಪ


ಫೆಬ್ರುವರಿ 16

ಅಪ್ಪನಿಗೆ,

ಕಾಗದ ತಲುಪಿತು. ಈಗಲೇ ಏನೂ ಕೊಳ್ಳಬೇಡಿ.

ಪುಡಿ ಆರಿಸುವ ಮೊದಲು ಗೋಡೆಯನ್ನು ಕೇಳಬೇಕು. ಚಾವಣಿ ಒಣಗಿದೆಯೋ ಒದ್ದೆಯೋ, ಅದು ಮೊದಲು. ಬಿರುಕಿನ ಅಕ್ಕಪಕ್ಕ ಹಳದಿ ಕಲೆ ಇದೆಯೇ ನೋಡಿ. ಅಂಗೈ ಇಟ್ಟು ನೋಡಿ, ತಂಪು ಹತ್ತುತ್ತದೆಯೇ. ಮೇಲಿನ ಮನೆಯಲ್ಲಿ ಆ ಜಾಗಕ್ಕೆ ಸರಿಯಾಗಿ ಏನಿದೆ? ಬಚ್ಚಲು, ನಲ್ಲಿ, ನೀರಿನ ಪೈಪು ಇದ್ದರೆ ಪುಡಿಯ ಮಾತು ಆಮೇಲೆ. ಬಿರುಕು ಎಷ್ಟು ಅಗಲ, ಗಾರೆ ಬಿದ್ದ ಗುಂಡಿ ಎಷ್ಟು ಆಳ ಎಂಬುದೂ ಬೇಕು. ಬೆರಳಿನ ಗಂಟಿನಿಂದ ಸುತ್ತಲೂ ತಟ್ಟಿ. ಡೊಳ್ಳು ಸದ್ದು ಬಂದ ಕಡೆಯೆಲ್ಲ ಇನ್ನೂ ಬೀಳಲಿದೆ ಎಂದು ಅರ್ಥ. ತಟ್ಟುವಾಗ ಅದರ ಕೆಳಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ.

ಬಿದ್ದ ತುಂಡು ಎಸೆಯದೇ ಇದ್ದರೆ ಒಂದು ಚೂರು ಕಳಿಸಿ.

ನಾನು ಇಲ್ಲಿ ಒಂದು ಹಳೆಯ ಶಾಲೆಯ ಗೋಡೆ ಕೆಲಸದಲ್ಲಿದ್ದೇನೆ. ಇಪ್ಪತ್ತೆರಡು ಕೋಣೆ. ಚೆನ್ನಾಗಿದ್ದೇನೆ.

ಮಗಳು


ಫೆಬ್ರುವರಿ 25

ಮಗಳಿಗೆ,

ನೀನು ಕೊಳ್ಳಬೇಡಿ ಎಂದು ಬರೆಯುವ ಹೊತ್ತಿಗೆ ನಾನು ಕೊಂಡಾಗಿತ್ತು. ಸುಳ್ಳು ಹೇಳಿ ಏನು ಮಾಡಲಿ. ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಯಾವುದು ಎಂದು ಕೇಳಿ ಬಿಳಿ ಸಿಮೆಂಟಿನ ಪುಟ್ಟಿ ತಂದೆ. ಗಟ್ಟಿಯಾದದ್ದು ಯಾಕೆ ಕೆಟ್ಟದ್ದಾಗುತ್ತದೆ ಅಂದುಕೊಂಡೆ. ಹಾಲು ಕಾಯಿಸುವ ಪಾತ್ರೆಯಲ್ಲಿ ಪುಡಿ ಹಾಕಿ ಮೇಲಿಂದ ನೀರು ಸುರಿದೆ. ಒಳಗೆಲ್ಲ ಒಣ ಗಂಟು. ಕಲಸಿ ಕಲಸಿ ಗುಂಡಿಗೆ ಒಂದೇ ಸಲಕ್ಕೆ ಮೆತ್ತಿದೆ. ಏಣಿಯಿಂದ ಇಳಿದು ತಲೆ ಎತ್ತಿ ನೋಡುತ್ತಿದ್ದೆ, ಮೆತ್ತಿದ್ದಷ್ಟೂ ಒಂದೇ ಮುದ್ದೆಯಾಗಿ ಹಣೆಯ ಮೇಲೆ ಬಿತ್ತು. ಕನ್ನಡಿಯಲ್ಲಿ ನೋಡಿಕೊಂಡೆ. ನೀನು ಮೊದಲನೇ ವರ್ಷ ಕೆಲಸದಿಂದ ಬರುವಾಗ ಇದ್ದ ಹಾಗೇ ಇದ್ದೆ. "ಬಂತು ನೋಡಿ ಸುಣ್ಣದ ಬೆಕ್ಕು" ಎಂದು ಅಮ್ಮ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳಲ್ಲ. ಹಾಲಿನ ಪಾತ್ರೆ ಇನ್ನು ಹಾಲಿಗೆ ಬರುವುದಿಲ್ಲ.

ಇನ್ನು ನಿನ್ನ ಪ್ರಶ್ನೆಗಳು. ಮೇಲಿನ ಮನೆಗೆ ಹೋದೆ. "ನೀರು ಸೋರುತ್ತಾ ನೋಡೋಕೆ ಬಂದೆ" ಅಂದೆ. ಆಕೆ, "ಆ ಜಾಗದಲ್ಲಿ ನಮ್ಮ ಬೀರು ಇರೋದು, ನೀರಿಲ್ಲ. ಆದ್ರೆ ಅಡುಗೆಮನೆ ನಲ್ಲಿ ತಿಂಗಳಿಂದ ತೊಟ್ಟಿಕ್ತಿದೆ, ನಮ್ಮೆಜಮಾನ್ರು ಕಿವಿಗೇ ಹಾಕ್ಕೊಳ್ತಿಲ್ಲ. ನಿಮ್ಮನೆಗೆ ಸೋರ್ತಿದೆ ಅಂತ ಒಂದು ಮಾತು ಜೋರಾಗಿ ಹೇಳಿಬಿಡಿ, ಪುಣ್ಯ ಬರುತ್ತೆ" ಅಂದಳು. ಯಜಮಾನರು ಒಳಗಿಂದ "ಕೇಳಿಸ್ತು" ಅಂದರು.

ಬೀರು ಸರಿಸಿ ನೋಡಿದೆವು, ನೆಲ ಒಣಗಿದೆ. ನಮ್ಮ ಕಡೆ ಕಲೆ ಇಲ್ಲ, ಅಂಗೈಗೆ ತಂಪು ಹತ್ತಲಿಲ್ಲ. ಬಿರುಕಿನೊಳಗೆ ಗೋಣಿ ಹೊಲಿಯುವ ದಬ್ಬಣ ಹೋಗುತ್ತದೆ, ಅಂಗಿಯ ಗುಂಡಿ ಹೋಗುವುದಿಲ್ಲ. ಉದ್ದ ಟೇಪಿನಲ್ಲಿ ಐವತ್ತೆರಡು ಇಂಚು. ಆಳ ಅರ್ಧ ಬೆರಳು. ಡೊಳ್ಳು ಸದ್ದು ಬಂದ ಕಡೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಪಕ್ಕಕ್ಕೆ ನಿಂತೇ ತಟ್ಟಿದೆ.

ಚೂರನ್ನು ಲೈನಿಂಗ್ ಬಟ್ಟೆಯಲ್ಲಿಟ್ಟು ಹೊಲಿದು ಕಳಿಸುತ್ತಿದ್ದೇನೆ. ಹೊಲಿಗೆ ಬಿಚ್ಚುವಾಗ ಹುಷಾರು.

ನನಗೆ 'ನೀವು' ಎಂದು ಬರೆದಿದ್ದೀಯ. ಗಿರಾಕಿಗಳು ಹಾಗೆ ಕರೆಯುತ್ತಾರೆ. ಇರಲಿ.

ಅಪ್ಪ


ಮಾರ್ಚ್ 7

ಅಪ್ಪನಿಗೆ,

ಚೂರು ತಲುಪಿತು. ಹೊಲಿಗೆ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಜೊತೆಯ ಕೆಲಸದಾಕೆ, "ನಿಮ್ಮಪ್ಪ ಕಲ್ಲು ಕಳಿಸಿದಾರೋ ಕಿವಿಯೋಲೆನೋ" ಅಂದಳು.

ಮಾರುಕಟ್ಟೆಯಲ್ಲಿ ಎಷ್ಟು ಚೀಲವಿದ್ದರೂ ಒಳಗಿರುವುದು ಮೂರೇ ಬಗೆ. ನೀವು ತಂದದ್ದು ಸಿಮೆಂಟಿನದು. ನೀರು ತಾಗುವ ಗೋಡೆಗೆ, ಬಚ್ಚಲಿಗೆ, ಹೊರಗಿನ ಗೋಡೆಗೆ ಅದು ಸರಿ. ಅದನ್ನು ಕಾಗದದಷ್ಟು ತೆಳ್ಳಗೆ ಎಳೆಯಬೇಕು, ದಪ್ಪ ಮೆತ್ತಿದರೆ ನಿಲ್ಲುವುದಿಲ್ಲ. ಅಷ್ಟು ಗಟ್ಟಿಯಾದದ್ದನ್ನು ಮೆತ್ತನೆಯ ಹಳೆಯ ಗಾರೆಗೆ ಹಾಕಿದರೆ ಅದು ಪಕ್ಕದ್ದನ್ನೂ ಕಿತ್ತುಕೊಂಡು ಬೀಳುತ್ತದೆ. ಇನ್ನೊಂದು ನುಣುಪಿನ ಪುಡಿ, ಕೊನೆಯ ಕೈಗೆ ಮಾತ್ರ. ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಗಾಯಕ್ಕೆ ಪೌಡರ್ ತುಂಬುವುದಿಲ್ಲವಲ್ಲ. ನಿಮಗೆ ಬೇಕಾದದ್ದು ಜಿಪ್ಸಂ ಪುಡಿ. ಒಣ ಕೋಣೆಗೆ, ಒಳಗಿನ ಗೋಡೆಗೆ ಮತ್ತು ಚಾವಣಿಗೆ ಅದೇ. ಒಣಗುವಾಗ ಕುಗ್ಗುವುದಿಲ್ಲ, ಅರ್ಧ ಬೆರಳು ಆಳವನ್ನು ಎರಡು ಸಲಕ್ಕೆ ತುಂಬಬಹುದು.

ಕೊಳ್ಳುವಾಗ ಚೀಲದ ಮೂಲೆಗಳನ್ನು ಹಿಂಡಿ ನೋಡಿ. ಗಂಟು ಸಿಕ್ಕರೆ ಗಾಳಿಯ ತೇವ ಕುಡಿದಿದೆ, ಬೇಡ. ತಯಾರಾದ ದಿನ ನೋಡಿ, ಆರು ತಿಂಗಳು ದಾಟಿದ್ದರೆ ಬೇಡ. ಬಾಯಿ ತೆರೆದ ಚೀಲ ಮೂರು ತಿಂಗಳು ಬಾಳುತ್ತದೆ, ಅದೂ ಬಿಗಿಯಾಗಿ ಕಟ್ಟಿ ಹಲಗೆಯ ಮೇಲಿಟ್ಟರೆ. ನೀರು ಮೊದಲು, ಪುಡಿ ಆಮೇಲೆ. ಉದುರಿಸುತ್ತಾ ಹೋಗಿ, ನೀರಿನ ಮೇಲೆ ಪುಡಿ ದಿಬ್ಬದ ಹಾಗೆ ನಿಂತಾಗ ಸಾಕು. ಮೂರು ನಿಮಿಷ ಮುಟ್ಟಬೇಡಿ, ಆಮೇಲೆ ಕಲಸಿ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಹಾಕಬೇಡಿ, ಎಸೆದುಬಿಡಿ. ಪ್ರತಿ ಸಲ ಪಾತ್ರೆ ಪೂರ್ತಿ ತೊಳೆಯಿರಿ. ಹಳೆಯದು ಚೂರು ಅಂಟಿಕೊಂಡಿದ್ದರೂ ಹೊಸದು ಕೈಗೆ ಸಿಗುವ ಮೊದಲೇ ಗಟ್ಟಿಯಾಗುತ್ತದೆ.

ಆದರೆ ಶುರು ಮಾಡುವ ಮೊದಲು ಒಂದು ವಿಷಯ ತಿಳಿಯಬೇಕು. ಚೂರಿನಲ್ಲಿ ಎರಡು ಪದರ ಇದೆ. ಕೆಳಗಿನದು ಮನೆ ಕಟ್ಟಿದಾಗಿನ ಗಾರೆ. ಮೇಲಿನ ಬಿಳಿಯದು ಯಾರೋ ಆಮೇಲೆ ಬಿರುಕಿಗೆ ತುಂಬಿದ್ದು. ಅದು ನನ್ನ ಕೈಯದಲ್ಲ. ಯಾರು, ಯಾವ ವರ್ಷ? ಹತ್ತು ವರ್ಷದ ಮೇಲಾಗಿದ್ದರೆ ಚಿಂತೆಯಿಲ್ಲ, ಹಳೆಯ ಬಿರುಕು, ನಿಧಾನದ್ದು. ಇತ್ತೀಚೆಗೆ ತುಂಬಿದ್ದು ಇಷ್ಟು ಬೇಗ ಬಾಯಿ ಬಿಟ್ಟಿದ್ದರೆ ಚಾವಣಿಯೇ ಕದಲುತ್ತಿದೆ. ಆಗ ಯಾವ ಪುಡಿಯೂ ನಿಲ್ಲುವುದಿಲ್ಲ, ಎಂಜಿನಿಯರಿಗೆ ತೋರಿಸಬೇಕು. ನಿಮ್ಮ ಅಳತೆ ಪುಸ್ತಕಗಳಲ್ಲಿ ಇರಬಹುದು. ದಿನಕ್ಕೊಂದು ಸಾಲು ಬರೆಯುವವರು ನೀವು.

ಉಜ್ಜುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಒದ್ದೆ ಸ್ಪಂಜಿನಲ್ಲಿ ಉಜ್ಜಿದರೆ ಧೂಳು ಏಳುವುದಿಲ್ಲ. ಮರಳುಕಾಗದ ಬೇಡ.

ಧೂಳಿನ ಮಾತು ಬಂದಿದ್ದಕ್ಕೆ ಬರೆಯುತ್ತೇನೆ. ಅಮ್ಮನಿಗೆ ಆಕ್ಸಿಜನ್ ಸಿಲಿಂಡರ್ ಮನೆಗೆ ಬಂದ ದಿನ ಮೆಟ್ಟಿಲ ಮೇಲೆ ನೀವು ಅಂದಿರಿ: ನಿನ್ನ ಬಟ್ಟೆಯ ಧೂಳೇ ಅವಳ ಎದೆ ತಿಂದದ್ದು. ಆರು ವರ್ಷ ನನ್ನ ಬಟ್ಟೆ ಅವಳೇ ಕೊಡವಿ ಒಗೆದಳು. ನಾನು ಲೆಕ್ಕ ಹಾಕಿ ನೋಡಿದೆ, ನೀವು ಅಂದದ್ದು ಸರಿ ಅನ್ನಿಸಿತು. ಅದಕ್ಕೇ ಹೋದೆ. ಹತ್ತಿರವಿದ್ದರೆ ಇನ್ನಷ್ಟು ತಂದು ಸುರಿಯುತ್ತೇನೆ ಅನ್ನಿಸಿತು. ಅಮ್ಮನಿಗೆ ಫೋನಿನಲ್ಲಿ ಕೆಲಸ ಜಾಸ್ತಿ ಎಂದು ಹೇಳುತ್ತಿದ್ದೆ. ಈಗಲೂ ಕೆಲಸದ ಬಟ್ಟೆ ಕೆಲಸದಲ್ಲೇ ಬಿಟ್ಟು, ಸ್ನಾನ ಮಾಡಿ ಕೋಣೆಗೆ ಬರುತ್ತೇನೆ. ಜೊತೆಯಾಕೆಗೆ ಮಗುವಾಗಿದೆ. ನಾನಿನ್ನೂ ಎತ್ತಿಕೊಂಡಿಲ್ಲ.

ಜಗಳಕ್ಕೆ ಬರೆದದ್ದಲ್ಲ. ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಲಿಕ್ಕೆ ಬರೆದೆ.

ಮಗಳು


ಏಪ್ರಿಲ್ 3

ಮಗಳೇ,

ನಿನ್ನ ಕಾಗದ ಬಂದು ಮೂರು ವಾರ ದಾಟಿತು. ನಾನು ಸುಮ್ಮನೆ ಕೂತಿರಲಿಲ್ಲ. ಕ್ರಮವಾಗಿ ಬರೆಯುತ್ತೇನೆ, ಕೊನೆಯವರೆಗೆ ಓದು.

ಚಾವಣಿಗೆ ಯಾರು ತುಂಬಿದರೆಂದು ನೆನಪಾಗಲಿಲ್ಲ. ಅಳತೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಪ್ರತಿ ಪುಟದಲ್ಲಿ ಮೇಲೆ ಗಿರಾಕಿಯ ಅಳತೆ, ಕೆಳಗೆ ನನ್ನ ಒಂದು ಸಾಲು. ಯಾವ ವರ್ಷ ಎಂದು ತಿಳಿಯದ್ದರಿಂದ ಅತಿ ಹಳೆಯದರಿಂದ ಶುರು ಮಾಡಿದೆ. ಅಂಗಡಿಯಲ್ಲಿ ಕೂತು ಒಂದು ಪ್ಯಾಂಟ್ ಹೊಲಿಯುವುದು, ಒಂದು ಪುಸ್ತಕ ಓದುವುದು. ಹೆಚ್ಚಿನ ದಿನ ಏನೂ ಇಲ್ಲ. 'ಕತ್ತರಿ ಸಾಣೆ.' 'ಬೆಳಿಗ್ಗೆ ಮೋಡ.' 'ಮಗಳಿಗೆ ಹಲ್ಲು ನೋವು.' ಹೊಲಿದದ್ದೆಲ್ಲ ಯಾರದೋ ಮೈಮೇಲೆ ಹರಿದುಹೋಗಿದೆ, ಸಾಲುಗಳು ಮಾತ್ರ ಉಳಿದಿವೆ.

ಚಾವಣಿಯದು ಹದಿನೈದು ವರ್ಷದ ಹಿಂದಿನ ಪುಸ್ತಕದಲ್ಲಿ ಸಿಕ್ಕಿತು. 'ಮೇಸ್ತ್ರಿ ಬಂದು ಕೋಣೆಯ ಚಾವಣಿ ಬಿರುಕಿಗೆ ಬಿಳಿ ಸಿಮೆಂಟ್ ತುಂಬಿದ.' ಅಂದರೆ ಹಳೆಯ ಬಿರುಕು, ನಿಧಾನದ್ದು. ಚಾವಣಿ ಕದಲುತ್ತಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಕೈ ಹಾಗೇ ಮುಂದಿನ ಪುಟ ತಿರುಗಿಸುತ್ತಾ ಹೋಯಿತು. ಮರುವರ್ಷದ ಪುಸ್ತಕದ ಒಂದು ಪುಟವನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

'ಸೊಂಟ 34, ಉದ್ದ 40, ತೊಡೆ 24. ಎರಡು ಪ್ಯಾಂಟ್, ಶನಿವಾರಕ್ಕೆ.
ಮಧ್ಯಾಹ್ನ ಅಂಗಡಿ ಮುಚ್ಚಿ ಇವಳನ್ನು ಎದೆಯ ಡಾಕ್ಟರಿಗೆ ತೋರಿಸಿದೆ. ಚಿಕ್ಕಂದಿನ ಜ್ವರದ ಗಾಯ ಶ್ವಾಸಕೋಶದಲ್ಲಿ ಉಳಿದಿದೆಯಂತೆ, ಎರಡೂ ಕಡೆ. ವಯಸ್ಸಾದಂತೆ ಉಸಿರು ಕಡಿಮೆಯಾಗುತ್ತದಂತೆ. ಶಾಲೆಯ ಪರೀಕ್ಷೆ ಮುಗಿಯುವವರೆಗೆ ಮಗಳಿಗೆ ಹೇಳಬೇಡಿ ಅಂದಳು.'

ಅದು ನೀನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ. ನೀನು ಗೋಡೆ ಕೆಲಸಕ್ಕೆ ಸೇರಲು ಇನ್ನೂ ಆರು ವರ್ಷವಿತ್ತು. ಪರೀಕ್ಷೆ ಮುಗಿಯಿತು, ಇನ್ನೊಂದು ಪರೀಕ್ಷೆ ಬಂತು. ಆಮೇಲೆ ಹೇಳದೆ ಇರುವುದೇ ಅಭ್ಯಾಸವಾಯಿತು. ಅವಳಿಗೂ, ನನಗೂ.

ನಾನು ಮರೆತಿದ್ದೆ ಎಂದು ಬರೆದರೆ ನೀನು ನಂಬುತ್ತೀಯ. ಅದು ಪೂರ್ತಿ ನಿಜವಲ್ಲ. ಅವಳ ಎದೆ ಮೊದಲಿನಿಂದಲೂ ಸರಿಯಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ ದಿನ ಸಿಲಿಂಡರ್ ಹೊತ್ತವರು ಮೆಟ್ಟಿಲು ಹತ್ತುತ್ತಿದ್ದರು, ನೀನು ಎದುರಿಗೆ ಬಿಳಿ ಬಿಳಿಯಾಗಿ ನಿಂತಿದ್ದೆ. ಬೈಯಲು ಒಬ್ಬರು ಬೇಕಾಗಿತ್ತು. ಜ್ವರವನ್ನು ಬೈಯಲಾಗುವುದಿಲ್ಲ. ನೀನು ಕೈಗೆ ಸಿಕ್ಕಿದೆ. ನನ್ನ ಕೈಯಲ್ಲೇ ಬರೆದಿಟ್ಟದ್ದನ್ನು ಬದಿಗಿಟ್ಟು ಆ ಮಾತು ಆಡಿದೆ.

ನನ್ನ ಮಾತನ್ನು ನೀನು ನಂಬಬೇಕಾಗಿಲ್ಲ. ಅದಕ್ಕೇ ಪುಸ್ತಕ ಹಿಡಿದುಕೊಂಡು ಆ ಡಾಕ್ಟರ ಹತ್ತಿರ ಹೋದೆ. ಈಗ ಅವರಿಗೆ ವಯಸ್ಸಾಗಿದೆ, ವಾರಕ್ಕೆ ಎರಡೇ ದಿನ ಕೂರುತ್ತಾರೆ. ಅಮ್ಮನ ಹಳೆಯ ಎಕ್ಸ್‌ರೇ ದಿಂಬಿನ ಕೆಳಗಿನ ಲಕೋಟೆಯಲ್ಲೇ ಇತ್ತು. ಅದನ್ನೂ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದರು.

"ಡಾಕ್ಟ್ರೇ, ಗೋಡೆ ಕೆಲಸದ ಧೂಳು ಬಟ್ಟೆಯಲ್ಲಿ ಮನೆಗೆ ಬಂದು ಹೀಗಾಯ್ತಾ?" ಅಂದೆ.

"ಯಾರ್ರೀ ಹಾಗಂದೋರು?"

"ನಾನೇ."

"ನೀವು ಯಾವಾಗ ಡಾಕ್ಟರಾದ್ರಿ? ಬಟ್ಟೆ ಹೊಲಿತಿದ್ರಲ್ಲ?"

"ಮಗಳಿಗೆ ಅಂದುಬಿಟ್ಟೆ. ಎರಡು ವರ್ಷ ಆಯ್ತು."

ಅವರು ಎಕ್ಸ್‌ರೇ ಕೆಳಗಿಟ್ಟರು. ಹೊರಗೆ ಇನ್ನೂ ಹತ್ತು ಜನ ಕೂತಿದ್ದರು, ಆದರೂ ನಿಧಾನವಾಗಿ ಹೇಳಿದರು. "ಇದು ಹುಡುಗಿ ಇದ್ದಾಗಿನ ಗಾಯ. ಮೊದಲ ಸಲ ನೋಡಿದಾಗ ಹತ್ತು ವರ್ಷ ತಳ್ಳಿದ್ರೆ ಹೆಚ್ಚು ಅಂದುಕೊಂಡಿದ್ದೆ. ಹದಿಮೂರು ಇದ್ರು. ಅಂಗಳದಲ್ಲಿ ನಿಂತು ನಾಲ್ಕು ಬಟ್ಟೆ ಒಗೆದಿದ್ದಕ್ಕೆ ಹೀಗಾಗಲ್ಲ. ಇದನ್ನ ನಿಮ್ಮ ಮಗಳಿಗೆ ನಾನು ಹೇಳ್ಬೇಕಾ, ನೀವು ಹೇಳ್ತೀರಾ?"

ನಾನೇ ಹೇಳುತ್ತೇನೆ ಅಂದೆ. ಆದರೂ ಅವರ ಕೈಯಿಂದ ಒಂದು ಚೀಟಿ ಬರೆಸಿಕೊಂಡೆ. ಇದರ ಜೊತೆಗಿದೆ. ಅಳತೆ ಪುಸ್ತಕದ ಪುಟವನ್ನೂ ಕತ್ತರಿಸಿ ಇಟ್ಟಿದ್ದೇನೆ. ಮೂವತ್ತು ವರ್ಷದಲ್ಲಿ ಪುಸ್ತಕದಿಂದ ಪುಟ ಕತ್ತರಿಸಿದ್ದು ಇದೇ ಮೊದಲು. ಅದು ನಿನ್ನದು.

ನಿನ್ನ ಧೂಳು ಏನೂ ಮಾಡಿಲ್ಲ ಮಗಳೇ. ನನ್ನ ಮಾತು ಮಾಡಿತು. ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ. ಓದಿದೆ ಎಂದು ಗೊತ್ತಾದರೆ ಸಾಕು.

ಅಪ್ಪ


ಏಪ್ರಿಲ್ 26

ಮಗಳೇ,

ನಿನ್ನಿಂದ ಕಾಗದವಿಲ್ಲ. ಬರಲಿ ಎಂದು ಕಾಯುತ್ತಿದ್ದೇನೆ ಎಂದೂ ಬರೆಯುವುದಿಲ್ಲ. ಅಂಚೆಯವನು ಈಗ ನನ್ನನ್ನು ನೋಡಿದರೆ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ಜಿಪ್ಸಂ ಪುಡಿ ತಂದೆ. ಅಂಗಡಿಯಲ್ಲಿ ಚೀಲದ ನಾಲ್ಕೂ ಮೂಲೆ ಹಿಂಡಿದೆ, ದಿನಾಂಕ ಓದಿಸಿದೆ, "ಒಣ ಚಾವಣಿಗೆ, ಅರ್ಧ ಬೆರಳು ಆಳಕ್ಕೆ, ಒಳಗಿನದು" ಅಂದೆ. ಅಂಗಡಿಯವನು ಕನ್ನಡಕ ಹಣೆಗೇರಿಸಿ, "ಯಾರು ಹೇಳಿಕೊಟ್ರು?" ಅಂದ. "ನನ್ನ ಮಗಳು. ಅವಳು ಈ ಕೆಲಸದಲ್ಲಿ ಪಳಗಿದವಳು" ಅಂದೆ. ಈ ಮಾತನ್ನು ನಾನು ಯಾರ ಮುಂದೆಯೂ ಹಿಂದೆ ಆಡಿರಲಿಲ್ಲ.

ಡೊಳ್ಳು ಸದ್ದಿನ ಗಾರೆಯನ್ನೆಲ್ಲ ನೀಲಿ ಗೆರೆಯವರೆಗೆ ಕೆರೆದು ತೆಗೆದೆ. ಮೊದಲ ಸಲ ಕಲಸಿದ್ದು ಚೆನ್ನಾಗಿ ಬಂತು. ಎರಡನೆಯದು ಏಣಿ ಹತ್ತುವಷ್ಟರಲ್ಲಿ ಕಲ್ಲಾಯಿತು. ಯಾಕೆಂದು ನೋಡಿದರೆ ಪಾತ್ರೆಯ ಅಂಚಿನಲ್ಲಿ ಉಗುರಿನಷ್ಟು ಹಳೆಯದು ಉಳಿದಿತ್ತು. ನೀನು ಬರೆದಿದ್ದೆ, ನಾನು ಓದಿದ್ದೆ, ಆದರೂ ತಪ್ಪಿದೆ. ಎಲ್ಲ ಎಸೆದು, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದು, ಮೊದಲಿನಿಂದ ಕಲಸಿದೆ. ಆಳವಾದ ಗುಂಡಿ ತುಂಬಿದೆ. ಬಿದ್ದಿಲ್ಲ. ಹತ್ತು ನಿಮಿಷ ಕೆಳಗೇ ನಿಂತು ನೋಡಿದೆ, ಈ ಸಲ ಪಕ್ಕಕ್ಕೆ ಸರಿಯಲಿಲ್ಲ.

ಬಿರುಕಿನ ಮೇಲೆ ಜಾಲರಿ ಪಟ್ಟಿ ಅಂಟಿಸಿ ಎಂದು ಅಂಗಡಿಯವನು ಕೊಟ್ಟಿದ್ದಾನೆ. ಕಾಲರ್ ಒಳಗೆ ನಾವು ಇಡುವ ಕ್ಯಾನ್ವಾಸಿನ ಹಾಗೇ ಇದೆ. ಹಾಕಲೇ?

ಅಪ್ಪ


ಮೇ 5

ಅಪ್ಪಾ,

ಹಾಕು. ಪಟ್ಟಿಯ ಅಂಚು ಮಡಚಿಕೊಳ್ಳದ ಹಾಗೆ ಅಂಟಿಸು. ಕ್ಯಾನ್ವಾಸ್ ಇಟ್ಟು ಅಭ್ಯಾಸವಿರುವವನಿಗೆ ನಾನೇನು ಹೇಳಲಿ.

ನಿನ್ನ ಏಪ್ರಿಲ್ ಮೂರರ ಕಾಗದವನ್ನು ಶಾಲೆಯ ಒಂಬತ್ತನೇ ಕೋಣೆಯಲ್ಲಿ ಅಟ್ಟಣೆಯ ಮೇಲೆ ಕೂತು ಓದಿದೆ. ಊಟದ ಬಿಡುವು. ಮೊದಲು ಡಾಕ್ಟರ ಚೀಟಿ ಓದಿದೆ, ಆಮೇಲೆ ಪುಟ, ಆಮೇಲೆ ನಿನ್ನ ಕಾಗದ. ಎಲ್ಲ ತಿರುಗಾ ಮುರುಗಾ. ಎಷ್ಟು ಹೊತ್ತು ಕೂತಿದ್ದೆನೋ. ಜೊತೆಯಾಕೆ ಕೆಳಗಿಂದ, "ಕಣ್ಣಿಗೆ ಪುಡಿ ಬಿತ್ತಾ? ತಿಕ್ಕಬೇಡ, ನೀರು ಹಾಕ್ತೀನಿ ಇಳಿ" ಅಂದಳು. ಇಳಿದೆ. ನೀರು ಹಾಕಿದಳು. ಅಷ್ಟಾದರೂ ಕಣ್ಣೀರು ನಿಲ್ಲದ್ದನ್ನು ಕಂಡು, "ಇದು ಪುಡಿ ಅಲ್ಲ ಬಿಡು" ಅಂದು ಪಕ್ಕದಲ್ಲಿ ಕೂತಳು.

ಉತ್ತರ ಬರೆಯಲು ಆಗಲಿಲ್ಲ. ಸಿಟ್ಟು ಬಂದಿತ್ತು. ನಿನ್ನ ಮೇಲೆ, ಅಮ್ಮನ ಮೇಲೂ. ಕೊನೆಯ ಒಂದೂವರೆ ವರ್ಷ ನಾನು ಆ ಕೋಣೆಯಲ್ಲಿ ಇರಬಹುದಿತ್ತು. ಆ ಒಂದೂವರೆ ವರ್ಷಕ್ಕೆ ಪುಡಿಯಿಲ್ಲ ಅಪ್ಪ. ಅದು ಹಾಗೇ ಇರುತ್ತದೆ, ನಾವಿಬ್ಬರೂ ನೋಡುತ್ತಿರಬೇಕು. ಇದನ್ನು ಬರೆಯದೆ ಮುಂದಿನದು ಬರೆಯಬಾರದು ಅನ್ನಿಸಿತು.

ಮುಂದಿನದು ಇದು. ಮೈ ಹಗುರಾಗಿದೆ. ಎಲ್ಲಿ ನೋವಿತ್ತು ಎಂದು ನೋವು ಹೋದ ಮೇಲೆ ಗೊತ್ತಾಗುತ್ತದಲ್ಲ, ಹಾಗೆ. ಮೊನ್ನೆ ಭಾನುವಾರ ಜೊತೆಯಾಕೆಯ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಒಂದು ಗಂಟೆ ಇಳಿಸಲಿಲ್ಲ. ಕೊನೆಗೆ ಅವಳೇ, "ಕೊಡೇ ಮಾರಾಯ್ತಿ, ಹಾಲು ಕುಡಿಸ್ಬೇಕು" ಅಂದಳು.

ಇಪ್ಪತ್ತನೇ ತಾರೀಖು ಬೆಳಿಗ್ಗೆ ಬರುತ್ತೇನೆ. ಐದು ದಿನ ರಜೆ ಹೇಳಿದ್ದೇನೆ. ಕೊನೆಯ ಕೈಯನ್ನು ನೀನು ಮುಟ್ಟಬೇಡ. ನುಣುಪು ನನ್ನ ಕೆಲಸ. ಏಣಿ ಗಟ್ಟಿಯಾಗಿದೆಯೇ ನೋಡಿಡು. ಹಾಲಿನ ಪಾತ್ರೆ ಎಸೆಯಬೇಡ, ಕಲಸಲು ಅದೇ ಇರಲಿ.

ಸುಣ್ಣದ ಬೆಕ್ಕು


ಜೂನ್ 2

ಮಗಳೇ,

ನೀನು ಹೋಗಿ ಎಂಟು ದಿನವಾಯಿತು. ಬಣ್ಣ ಪೂರ್ತಿ ಒಣಗಿದೆ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಅಡ್ಡಡ್ಡ ಬೀಳುವಾಗ ಮಾತ್ರ, ನಾನು ತುಂಬಿದ ಜಾಗದಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ. ನಿನ್ನದರಲ್ಲಿ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯುವುದಿಲ್ಲ. ಕಿಟಕಿಯ ಹತ್ತಿರದ ನಿನ್ನ ಎಂಟು ವರ್ಷದ ಹಿಂದಿನ ತೇಪೆಯನ್ನು ಬಣ್ಣ ಹೊಡೆಯದೆ ಬಿಟ್ಟದ್ದು ಸರಿಯಾಯಿತು. ಅಮ್ಮ ಮಲಗಿಕೊಂಡೇ ಬೆರಳು ತೋರಿಸಿ, "ಅದೊಂದು ಬೀಳಲ್ಲ ನೋಡಿ" ಅನ್ನುತ್ತಿದ್ದಳು. ಇದನ್ನು ನೀನಿದ್ದಾಗ ಹೇಳಬೇಕಿತ್ತು. ಬಾಯಿಗೆ ಬರಲಿಲ್ಲ, ಕಾಗದಕ್ಕೆ ಬಂತು.

ಮೇಲಿನ ಮನೆಯ ಯಜಮಾನರು ನಲ್ಲಿ ಸರಿ ಮಾಡಿಸಿದರು. ಆಕೆ ನಿನಗೆ ತಿಳಿಸಲು ಹೇಳಿದ್ದಾಳೆ. ತನ್ನ ಮನೆಯ ಗೋಡೆಯನ್ನೂ ಒಮ್ಮೆ ತಟ್ಟಿ ನೋಡಬೇಕಂತೆ.

ನಿನ್ನೆ ಮಧ್ಯಾಹ್ನ ಊಟ ಮಾಡಿ ಅಂಗಡಿಗೆ ಹೋಗುವ ಮೊದಲು ಆ ಮಂಚದ ಮೇಲೆ ಸ್ವಲ್ಪ ಹೊತ್ತು ಮಲಗಿದೆ. ಮೇಲೆ ನೋಡುತ್ತಿದ್ದವನಿಗೆ ಹಾಗೇ ನಿದ್ದೆ ಬಂತು. ಎದ್ದಾಗ ನಾಲ್ಕು ಗಂಟೆ. ಒಬ್ಬ ಗಿರಾಕಿ ಅಂಗಡಿ ಬಾಗಿಲಲ್ಲಿ ಕಾದು ಬೈದುಕೊಂಡು ಹೋದನಂತೆ. ಆ ದಿನದ ಪುಟದಲ್ಲಿ 'ಕೋಣೆಯಲ್ಲಿ ಮಲಗಿದೆ' ಎಂದು ಬರೆದಿದ್ದೇನೆ.

ನಿನ್ನ ಕೆಲಸದ ಅಂಗಿ ಇಲ್ಲೇ ಬಾಗಿಲ ಹಿಂದಿನ ಗೂಟದಲ್ಲಿ ಉಳಿದಿತ್ತು. ಒಗೆದೆ. ಕೊಡವಲಿಲ್ಲ, ಮೊದಲು ನೀರಿನಲ್ಲಿ ಮುಳುಗಿಸಿಟ್ಟೆ, ನೀರು ಹಾಲಿನ ಹಾಗಾಯಿತು. ಅದನ್ನು ಚೆಲ್ಲಿ ಮತ್ತೆ ಎರಡು ಸಲ. ಬಲ ಮೊಣಕೈ ಹರಿದಿತ್ತು, ಒಳಗಿನಿಂದ ತೇಪೆ ಕೊಟ್ಟಿದ್ದೇನೆ. ಹುಡುಕಿದರೂ ನಿನಗೆ ಸಿಗುವುದಿಲ್ಲ.

ಅಂಚೆಯಲ್ಲಿ ಕಳಿಸೋಣ ಎಂದು ಮಡಚಿ, ಕಾಗದ ಸುತ್ತಿ, ದಾರ ಕಟ್ಟಿದ್ದೆ. ಆಮೇಲೆ ಬಿಚ್ಚಿದೆ. ಅದೇ ಗೂಟಕ್ಕೆ ತೂಗುಹಾಕಿದ್ದೇನೆ. ಬಾಗಿಲ ಹಿಂದಿನ ಗೋಡೆಯನ್ನು ತಟ್ಟಿ ನೋಡಿದೆ, ಎರಡು ಕಡೆ ಡೊಳ್ಳು ಸದ್ದು ಬರುತ್ತದೆ. ನೀಲಿ ಗೆರೆ ಎಳೆದಿಟ್ಟಿದ್ದೇನೆ, ನಾನು ಮುಟ್ಟುವುದಿಲ್ಲ. ಪುಡಿ ಅರ್ಧ ಚೀಲ ಉಳಿದಿದೆ. ಬಾಯಿ ಬಿಗಿಯಾಗಿ ಕಟ್ಟಿ ಹಲಗೆಯ ಮೇಲಿಟ್ಟಿದ್ದೇನೆ. ತೆರೆದದ್ದು ಏಪ್ರಿಲ್ ಇಪ್ಪತ್ತೆರಡಕ್ಕೆ. ಮೂರು ತಿಂಗಳು ಬಾಳುತ್ತದೆ ಎಂದು ನೀನೇ ಬರೆದಿದ್ದೆ.

ಅಪ್ಪ